ಬೇರಿಂಗ್ ನಂಬರ್ ಹದಿನಾಲ್ಕು

ವಾರಿಂಗ್ಟನ್ನಿನಲ್ಲಿ ಮಳೆ. ಅದೇನು ಸುದ್ದಿಯಲ್ಲ.
ಷೆಡ್ಡಿನೊಳಗೆ, ನೀರೊಲೆಯ ಹಂಡೆಯಷ್ಟು ದೊಡ್ಡ ಉಕ್ಕಿನ ಡಬ್ಬಿಯಲ್ಲಿ
ನಾನು ಸಾಕಿಕೊಂಡ ಒಂದಿಷ್ಟು ಶೂನ್ಯ.
ಇನ್ನೂರ ಹದಿನೇಳು ದಿನದಿಂದ ಅದರೊಳಗೆ
ಒಂದು ಬೇರಿಂಗ್ ತಿರುಗುತ್ತಿದೆ
ನೂಲಿಲ್ಲದ ರಾಟೆಯ ಹಾಗೆ.

ಎಣ್ಣೆ ಹಾಕಬಾರದೇ, ಅನ್ನುತ್ತಾರೆ ನೋಡಲು ಬಂದವರು.
ಎಣ್ಣೆ ಅಲ್ಲಿ ನಿಲ್ಲುವುದಿಲ್ಲ ಸ್ವಾಮಿ,
ಒತ್ತಿ ಹಿಡಿಯಲು ಗಾಳಿಯಿಲ್ಲದ ಕಡೆ
ಹೇಳದೆ ಕೇಳದೆ ಎದ್ದು ಹೋಗಿ
ಕ್ಯಾಮೆರಾದ ಕಣ್ಣಿನ ಮೇಲೆ ಕೂರುತ್ತದೆ, ಪೊರೆ ಬಂದಂತೆ.
ಆಮೇಲೆ ಉಪಗ್ರಹಕ್ಕೆ ಭೂಮಿಯೆಂದರೆ ಬರೀ ಮಬ್ಬು.

ಹಾಗಂತ ಬರಿಮೈ ಬಿಟ್ಟರೆ ಇನ್ನೊಂದು ತಾಪತ್ರಯ.
ಇಲ್ಲಿ ಪ್ರತಿ ಲೋಹಕ್ಕೂ ಒಂದು ತೆಳು ಕೊಳೆಯ ಚರ್ಮ,
ಗಾಳಿ ಕೊಟ್ಟದ್ದು. ಅದಿರುವ ತನಕ ನಾನು ನಾನು, ನೀನು ನೀನು.
ಅಲ್ಲಿ ಒಮ್ಮೆ ತರಚಿದರೆ ಮತ್ತೆ ಬೆಳೆಯದು.
ಚೊಕ್ಕ ಉಕ್ಕು ಚೊಕ್ಕ ಉಕ್ಕನ್ನು ಮುಟ್ಟಿದ ಗಳಿಗೆ
ಪರಮಾಣುಗಳು ತಮ್ಮ ಮನೆ ಯಾವುದೆಂದು ಮರೆತು
ಒಂದಾಗಿಬಿಡುತ್ತವೆ, ಬೆಂಕಿಯಿಲ್ಲದ ಬೆಸುಗೆ.
ಕೇಳಲು ಚೆನ್ನಾಗಿದೆ.
ಆಂಟೆನಾ ಬಿಚ್ಚಿಕೊಳ್ಳುವುದಿಲ್ಲ, ಅಷ್ಟೆ.

ಅದಕ್ಕೇ ಈ ಬೂದು ಲೇಪ: ಮಾಲಿಬ್ಡಿನಮ್ಮು, ಗಂಧಕ,
ವೀಳ್ಯದೆಲೆಯ ಕವಳಿಗೆಯಂತೆ ಪದರ ಪದರ;
ಎಲೆಯ ಮೇಲೆ ಎಲೆ ಜಾರುತ್ತದೆ. ದಪ್ಪ ಒಂದು ಮೈಕ್ರಾನ್.
ಸವೆದದ್ದೂ ದಂಡವಲ್ಲ.
ಗುಂಡು ಅದನ್ನು ಮೈಗೆ ಮೆತ್ತಿಕೊಂಡು ಬಳಸಿ ಬಂದು
ತೆಗೆದ ಜಾಗಕ್ಕೇ ಒತ್ತುತ್ತದೆ,
ಪಕ್ಕದ ಮನೆಗೆ ಕೈಗಡದ ಸಕ್ಕರೆ ಮರಳಿಸಿದಂತೆ.

ತೇವ ಕಂಡರೆ ಮಾತ್ರ ಆಗದು.
ಎಣ್ಣೆ ಸೀಗೆಕಾಯಿ ಸಂಬಂಧ.
ಈ ಊರಲ್ಲೇ ಹುಟ್ಟಿ, ಈ ಊರ ಹವೆ ಒಗ್ಗದ ಪದಾರ್ಥ.

ಸೋಮವಾರ ನೆವಿಲ್ ರಿಗ್ಬಿ ವಾಲ್ವು ತೆರೆದ.
ಹನ್ನೊಂದನೆಯದನ್ನು ತೆರೆಯಬೇಕಿತ್ತು.
ಬುಸ್ಸೆಂದು ಒಳಗೆ ನುಗ್ಗಿತು ಮರ್ಸಿ ನದಿಯ ಒದ್ದೆ ಬೆಳಗು.
ಮೋಟರು ನಿಂತಿರಲಿಲ್ಲ. ಏಳು ತಿಂಗಳು ಮಲಗಿದ್ದ ಗೆರೆ
ಪರದೆಯ ಮೇಲೆ ಎದ್ದು ಕೂತಿತು, ನಿಂತಿತು,
ಚೌಕಟ್ಟು ದಾಟಿ ಹೋಯಿತು.
ನಾನು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ.
ಕನ್ನಡದಲ್ಲಿ ಅಂದೆ. ಅವನಿಗೆ ಅರ್ಥವಾಯಿತು.

ನಾಲ್ಕು ದಿನ ನಮ್ಮ ನಡುವೆ ಹವೆಯ ಮಾತೂ ಇಲ್ಲ.
"ಒದ್ದೆ, ಅಲ್ಲವೇ?" "ನಾಳೆ ಹೊಳವಾದೀತು."
ಹತ್ತು ವರ್ಷ ದಿನಾ ಬೆಳಗ್ಗೆ ತೆಳ್ಳಗೆ ಸವರಿಕೊಂಡು ಬಂದದ್ದು,
ಇಲ್ಲವಾದಾಗಲೇ ಗೊತ್ತಾದದ್ದು:
ಕುರ್ಚಿ ಎಳೆದರೂ ಕಿರ್ರೆನ್ನುತ್ತಿತ್ತು, ಕಪ್ಪು ಇಟ್ಟರೂ.

ಶುಕ್ರವಾರ ಮೈಕ್ರೋಸ್ಕೋಪಿನ ಪಕ್ಕ ಒಂದು ಬಿಸ್ಕತ್ತಿನ ಡಬ್ಬಿ ಇಟ್ಟ.
ಒಳಗೆ ಹಳದಿಗಟ್ಟಿದ ಪುಡಿ, ಹಳೆಯ ಕೊಬ್ಬಿನ ವಾಸನೆ.
"ಅಪ್ಪ ತಂತಿ ಎಳೆಯುತ್ತಿದ್ದ, ಕಾಲುವೆಯಾಚೆಯ ಕಾರ್ಖಾನೆಯಲ್ಲಿ.
ಅಚ್ಚಿನ ತೂತಿಗೆ ಹೊಗುವ ಮುಂಚೆ ತಂತಿ
ಈ ಸಾಬೂನಿನಲ್ಲಿ ಮುಳುಗಿ ಬರಬೇಕು.
ಮಳೆ ಹಿಡಿದರೆ ಗಂಟು ಕಟ್ಟುತ್ತಿತ್ತು.
ಒಲೆಯ ಮೇಲೆ ಬ್ರೆಡ್ಡಿನ ಪಕ್ಕ ಒಣಗಿಸಿ
ಅಮ್ಮನ ಕೈಲಿ ಬೈಸಿಕೊಳ್ಳುತ್ತಿದ್ದ."
ಕ್ಷಮಿಸು ಅನ್ನಲಿಲ್ಲ. ಡಬ್ಬಿಯನ್ನು ಒಂದಿಂಚು ಈಚೆ ತಳ್ಳಿದ.

ನಾನು ಕಣ್ಣು ಲೆನ್ಸಿಗಿಟ್ಟೆ.
ಹದಿನಾಲ್ಕರ ಓಣಿಯ ತುಂಬ ಬೆಕ್ಕು ಕೆರೆದಂಥ ಗೀರು.
ನಡುವೆ ಒಂದು ಕಡೆ, ಎಳ್ಳಿನ ಅರ್ಧದಷ್ಟು ಜಾಗ,
ಬೂದು ಲೇಪ ಇನ್ನೂ ಹೊಳೆಯುತ್ತಿತ್ತು.

"ಹಾರಿಸುವ ಮುಂಚೆ ಅಲ್ಲಿಯೂ ಒದ್ದೆ ಗಾಳಿಯಲ್ಲಿ
ಒಂದೆರಡು ಸಲ ತಿರುಗಿಸಿ ನೋಡುವುದಿಲ್ಲವೇ?" ಎಂದ ನೆವಿಲ್.
"ವಾಲ್ವು ತೆರೆದ ಮೇಲೆ ಎಷ್ಟು ಸುತ್ತು ತಾಳಿತು, ಎಣಿಸಿದೆಯಾ?"

ಎಣಿಸಿರಲಿಲ್ಲ.
ಸಿಟ್ಟಿಗೆ ಅಷ್ಟು ಲೆಕ್ಕ ಬರುವುದಿಲ್ಲ.

ಲಾಗ್ ತೆಗೆದು ಇಬ್ಬರೂ ಬೆರಳಿಟ್ಟು ಓದಿದೆವು:
ಮೂರು ಸಾವಿರದ ನೂರ ಹನ್ನೆರಡು.
ಬರೆದುಕೊಂಡೆ. ಪಕ್ಕದಲ್ಲಿ ಹದಿನೈದು ಎಂದು ಬರೆದು
ಮುಂದೆ ಖಾಲಿ ಬಿಟ್ಟೆ.

"ಒದ್ದೆ," ಎಂದೆ ಕಿಟಕಿಗೆ.
"ಸ್ವಲ್ಪ," ಎಂದ.